ಹಿರಿಯರ ಕಾಗದ, ಉತ್ತಮಪಾಳ್ಯದ ಕೋರ್ಟು: ಕಂಬಂ ಕಣಿವೆಯ ಕನ್ನಡ ಮನೆಗಳಲ್ಲಿ ವಿಚ್ಛೇದನ, ಮಗು ಮತ್ತು ಜಮೀನು

ದಾಂಪತ್ಯ ಮುರಿದ ಮನೆಯಲ್ಲಿ ಮೊದಲು ಹಿರಿಯರು ಸೇರುತ್ತಾರೆ. ತೇನಿ ಜಿಲ್ಲೆಯ ಕಾಮಯಗೌಂಡನ್‌ಪಟ್ಟಿಯಾಗಲಿ, ಈರೋಡು ಜಿಲ್ಲೆಯ ತಾಳವಾಡಿಯಾಗಲಿ, ಹೊಸೂರಾಗಲಿ, ಕಾಸರಗೋಡಾಗಲಿ, ಗಡಿಯಾಚೆಯ ಕನ್ನಡ ಮನೆಗಳಲ್ಲಿ ಈ ರೂಢಿ ಒಂದೇ. ಎರಡೂ ಕಡೆಯವರು ಕೂಡುತ್ತಾರೆ, ನಾಲ್ಕು ಮಾತು ಆಗುತ್ತದೆ. ಕೊನೆಗೆ ಛಾಪಾ ಕಾಗದದ ಮೇಲೆ ಇನ್ನು ಮುಂದೆ ಪರಸ್ಪರ ಯಾವ ಸಂಬಂಧವೂ ಇಲ್ಲವೆಂದು ಬರೆದು ಇಬ್ಬರಿಂದಲೂ ಸಹಿ ಹಾಕಿಸುತ್ತಾರೆ. ಕೊಟ್ಟ ಒಡವೆ ಹಿಂದಿರುಗುತ್ತದೆ, ಒಂದಿಷ್ಟು ಹಣ ಕೈ ಬದಲಾಗುತ್ತದೆ, ಮಗು ಯಾರದೋ ಒಬ್ಬರ ಮನೆಗೆ ಹೋಗುತ್ತದೆ. ಮುಂದಿನ ಜೂನ್ ತಿಂಗಳಲ್ಲಿ ಆ ಮಗು ನಮ್ಮ ಶಾಲೆಯ ಬಾಗಿಲಿಗೆ ಬಂದಾಗಲೇ ನಾವು ಶಿಕ್ಷಕರು ಈ ಕಾಗದವನ್ನು ಕಾಣುವುದು. ಅದು ಏನನ್ನು ಮಾಡಿದೆ, ಏನನ್ನು ಮಾಡಿಲ್ಲ ಎಂಬುದು ಬಹುಪಾಲು ಪೋಷಕರಿಗೆ ತಿಳಿದಿರುವುದಿಲ್ಲ.

ಈ ಬರಹಕ್ಕೆ ಕಾಮಯಗೌಂಡನ್‌ಪಟ್ಟಿಯ ಸುತ್ತಲಿನ ಕಂಬಂ ಕಣಿವೆಯನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಅಲ್ಲಿ ಒಕ್ಕಲಿಗ ಕಾಪಿಲಿಯರ್, ಅನುಪ್ಪರ್ ಮುಂತಾದ ಸಮುದಾಯಗಳು ತಲೆಮಾರುಗಳಿಂದ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡಿವೆ. ಕಂಬಂ ಪಟ್ಟಣದ ತಂಬಿರಾನ್ ಮಾಡು ತೊಳುವಿನ ದನಗಳನ್ನು ದೇವರೆಂದು ಪೂಜಿಸುವವರು ಇದೇ ಜನ. ಅಲ್ಲಿನ ಮಕ್ಕಳ ಓದು ಮಾತ್ರ ತಮಿಳಿನಲ್ಲಿ. ಹೀಗಾಗಿ ಮನೆಯ ಜಗಳ ಕನ್ನಡದಲ್ಲಿ ನಡೆಯುತ್ತದೆ, ಕೋರ್ಟಿನ ಅರ್ಜಿ ತಮಿಳಿನಲ್ಲಿ, ಮೇಲ್ಮನವಿಯ ತೀರ್ಪು ಇಂಗ್ಲಿಷಿನಲ್ಲಿ. ಜಮೀನಿನ ಬೆಲೆಯೂ ಸಣ್ಣದಲ್ಲ. ಪೆರಿಯಾರ್ ಅಣೆಕಟ್ಟೆಯ ನೀರಿನಿಂದ ಕಣಿವೆಯ 14,707 ಎಕರೆಯಲ್ಲಿ ಎರಡು ಬೆಳೆ ಭತ್ತ ನಡೆಯುತ್ತದೆ. ಇಲ್ಲಿನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಕಂಬಂಮೆಟ್ಟು ದಾಟಿದರೆ ಕೇರಳದ ಇಡುಕ್ಕಿ ಜಿಲ್ಲೆ; ಕಣಿವೆಯ ಎಷ್ಟೋ ಮನೆಗಳಿಗೆ ಅಲ್ಲಿ ಏಲಕ್ಕಿ ತೋಟವಿದೆ, ಇನ್ನೆಷ್ಟೋ ಮನೆಯ ಹೆಂಗಸರು ಅದೇ ತೋಟಗಳಿಗೆ ದಿನಾ ಜೀಪಿನಲ್ಲಿ ಕೂಲಿಗೆ ಹೋಗುತ್ತಾರೆ. ಎರಡು ರಾಜ್ಯ, ಮೂರು ಭಾಷೆಗಳ ನಡುವೆ ಇರುವ ಇಂತಹ ಕಡೆ ಕಾನೂನು ಹೇಗೆ ನಡೆಯುತ್ತದೆ ಎಂದು ತಿಳಿದರೆ ಉಳಿದ ಗಡಿ ಜಿಲ್ಲೆಗಳವರಿಗೂ ತಮ್ಮ ದಾರಿ ಕಾಣುತ್ತದೆ.

ಮೊದಲು ಆ ಕಾಗದದ ಮಾತು. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಮದುವೆಯನ್ನು ಮುರಿಯುವ ಅಧಿಕಾರ ನ್ಯಾಯಾಲಯದ್ದು. ಅದೇ ಕಾಯಿದೆಯ 29ನೇ ಕಲಮಿನ 2ನೇ ಉಪಕಲಮು ಸಮುದಾಯದ ರೂಢಿಯಂತೆ ನಡೆಯುವ ವಿಚ್ಛೇದನವನ್ನು ಉಳಿಸಿದೆ ಎಂಬುದು ನಿಜ. ಹಿರಿಯರು ಹಿಡಿದುಕೊಳ್ಳುವುದು ಇದನ್ನೇ. ಆದರೆ ರೂಢಿಯಿದೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕು. ಅದು ಪ್ರಾಚೀನ, ನಿರಂತರ, ನಿಶ್ಚಿತ ಎಂದು ಸಾಕ್ಷ್ಯ ನೀಡಬೇಕು. ಇಲ್ಲೊಂದು ವಿಚಿತ್ರವಿದೆ. ಸೋದರತ್ತೆಯ ಮಗಳನ್ನು ಮದುವೆಯಾಗುವುದು ಕಾಯಿದೆಯ ಅಕ್ಷರದಂತೆ ನಿಷಿದ್ಧ ಸಂಬಂಧ. ರೂಢಿ ಇರುವುದರಿಂದಲೇ ಅದು ದಕ್ಷಿಣದಲ್ಲಿ ಸಿಂಧುವಾಗುತ್ತದೆ. ಕಾಪಿಲಿಯರಲ್ಲಿ ಸೋದರತ್ತೆಯ ಮಗಳ ಮೇಲಿನ ಹಕ್ಕನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೆಂದು 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ಸಂಪುಟಗಳಲ್ಲಿಯೂ ದಾಖಲಾಗಿದೆ. ಕಟ್ಟುವ ರೂಢಿಗೆ ಇಷ್ಟು ಪುರಾವೆ ಸಿಗುತ್ತದೆ. ಬಿಡುವ ರೂಢಿಗೆ ಕೋರ್ಟು ಒಪ್ಪುವಂತಹ ಪುರಾವೆಯನ್ನು ಹೊಂದಿಸುವುದು ಕಷ್ಟ.

ರೂಢಿ ಸಾಬೀತಾಗದಿದ್ದರೆ ಪರಿಣಾಮವೇನು? ಮೊದಲ ಮದುವೆ ಉಳಿದೇ ಇರುತ್ತದೆ. ಆ ಕಾಗದವನ್ನು ನಂಬಿ ಇಬ್ಬರಲ್ಲಿ ಒಬ್ಬರು ಮತ್ತೊಂದು ಮದುವೆಯಾದರೆ ಅದು ಶೂನ್ಯ ವಿವಾಹ, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಂತೆ ಅಪರಾಧ. ಎರಡನೆಯ ಮದುವೆಯ ಮಕ್ಕಳ ಸ್ಥಿತಿಯನ್ನು ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 1ರಂದು ಇತ್ಯರ್ಥಗೊಳಿಸಿತು. ಆ ಮಕ್ಕಳು ಕಾನೂನಿನ ದೃಷ್ಟಿಯಲ್ಲಿ ಸಕ್ರಮರು. ತಂದೆಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಬರಬಹುದಾಗಿದ್ದ ಪಾಲಿನಲ್ಲಿ ಅವರಿಗೂ ಹಕ್ಕಿದೆ. ಆದರೆ ಹುಟ್ಟಿನಿಂದ ಬರುವ ಸಹದಾಯಾದಿ ಸ್ಥಾನ ಅವರಿಗಿಲ್ಲ. ಮೊದಲ ಹೆಂಡತಿಯ ಮಕ್ಕಳೂ ಎರಡನೆಯವಳ ಮಕ್ಕಳೂ ಇಪ್ಪತ್ತು ವರ್ಷದ ನಂತರ ಒಂದೇ ಹೊಲದ ಬದುವಿನ ಮೇಲೆ ಎದುರುಬದುರು ನಿಲ್ಲುವುದಕ್ಕೆ ಕಾರಣ ಅಂದಿನ ಒಂದು ಹಾಳೆ ಕಾಗದ.

ಆದ್ದರಿಂದ ಕೋರ್ಟಿಗೆ ಹೋಗಲೇಬೇಕು. ಕಾಮಯಗೌಂಡನ್‌ಪಟ್ಟಿ ಉತ್ತಮಪಾಳ್ಯಂ ತಾಲ್ಲೂಕಿಗೆ ಸೇರಿದ್ದು. ತಮಿಳುನಾಡಿನಲ್ಲಿ ಕುಟುಂಬ ನ್ಯಾಯಾಲಯವಿಲ್ಲದ ಕಡೆಗಳಲ್ಲಿ ವಿವಾಹದ ಅರ್ಜಿಗಳು ಸಬ್ ಕೋರ್ಟಿನಲ್ಲಿ ದಾಖಲಾಗುತ್ತವೆ; ವಕೀಲರ ಬಾಯಲ್ಲಿ ಇವು ‘ಎಚ್.ಎಂ.ಓ.ಪಿ.’ ಮೇಲ್ಮನವಿಯ ಒಂದು ಮೆಟ್ಟಿಲು ಮದುರೆಯ ಹೈಕೋರ್ಟ್ ಪೀಠ. 2004ರ ಜುಲೈಯಲ್ಲಿ ಅದು ಆರಂಭವಾಗುವವರೆಗೆ ಚೆನ್ನೈಗೇ ಹೋಗಬೇಕಾಗಿತ್ತು. ಅರ್ಜಿ ಎಲ್ಲಿ ಹಾಕಬಹುದು ಎಂಬುದು ನಮ್ಮ ಓದುಗರಿಗೆ ಮುಖ್ಯ. ಮದುವೆ ನಡೆದ ಊರು, ಎದುರುಪಕ್ಷದವರು ವಾಸಿಸುವ ಊರು, ದಂಪತಿ ಕೊನೆಯದಾಗಿ ಜೊತೆಗಿದ್ದ ಊರು, ಇವುಗಳಲ್ಲಿ ಯಾವುದಾದರೂ ಸರಿ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ಈಗ ವಾಸವಿರುವ ಊರಿನಲ್ಲಿಯೂ ಹಾಕಬಹುದು. ಚಾಮರಾಜನಗರದಿಂದ ಕಣಿವೆಗೆ ಸೊಸೆಯಾಗಿ ಹೋಗಿ ತವರಿಗೆ ಮರಳಿದವಳು ಚಾಮರಾಜನಗರದಲ್ಲಿಯೇ, ಕನ್ನಡದಲ್ಲಿಯೇ ಅರ್ಜಿ ಹಾಕಬಹುದು ಎಂದರ್ಥ. ಗಂಡ ಮೊದಲೇ ಉತ್ತಮಪಾಳ್ಯದಲ್ಲಿ ಹಾಕಿಬಿಟ್ಟಿದ್ದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ. ದೆಹಲಿಯವರೆಗೆ ಹೋಗುವ ಶಕ್ತಿ ಎಷ್ಟು ಮಂದಿಗಿದೆ? ಮೊದಲು ಯಾರು ಅರ್ಜಿ ಹಾಕಿದರು ಎಂಬುದೇ ಎಷ್ಟೋ ಪ್ರಕರಣಗಳಲ್ಲಿ ಭಾಷೆಯನ್ನೂ ನಿರ್ಧರಿಸಿಬಿಡುತ್ತದೆ.

ವಿಚ್ಛೇದನದ ವಿಧಾನವನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ. ಮದುವೆಯಾದ ಒಂದು ವರ್ಷದೊಳಗೆ, ವಿಶೇಷ ಸಂಕಟದ ಹೊರತು, ಅರ್ಜಿ ಹಾಕುವಂತಿಲ್ಲ. ಇಬ್ಬರೂ ಒಪ್ಪಿದರೆ 13-ಬಿ ಕಲಮು: ಒಂದು ವರ್ಷ ಬೇರೆ ಬಾಳಿರಬೇಕು, ಮೊದಲ ಅರ್ಜಿಯ ಆರು ತಿಂಗಳ ಮೇಲೆ ಮತ್ತೆ ಕೋರ್ಟಿನ ಮುಂದೆ ನಿಂತು ಒಪ್ಪಿಗೆ ಹೇಳಬೇಕು. ಆ ಆರು ತಿಂಗಳನ್ನು ಸೂಕ್ತ ಪ್ರಕರಣದಲ್ಲಿ ಬಿಟ್ಟುಕೊಡಬಹುದೆಂದು 2017ರ ಅಮರ್‌ದೀಪ್ ಸಿಂಗ್ ತೀರ್ಪು ಹೇಳಿದೆ. ಒಪ್ಪದಿದ್ದರೆ ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ವ್ಯಭಿಚಾರ ಮುಂತಾದ ಕಾರಣಗಳಲ್ಲಿ ಒಂದನ್ನು ಸಾಬೀತುಪಡಿಸಬೇಕು. ಕಣಿವೆಯಲ್ಲಿ ಇಲ್ಲಿಯೇ ತೊಡಕು. ಸೋದರ ಸಂಬಂಧದ ಮದುವೆಯಲ್ಲಿ ಪ್ರತಿಯೊಬ್ಬ ಸಾಕ್ಷಿಯೂ ಇಬ್ಬರಿಗೂ ನೆಂಟ. ಯಾರೂ ಬಾಯಿ ಬಿಡುವುದಿಲ್ಲ. ದಾಂಪತ್ಯ ಮತ್ತೆ ಕೂಡಿಬಾರದಷ್ಟು ಮುರಿದಿದೆ ಎಂಬ ಒಂದೇ ಕಾರಣಕ್ಕೆ ಬಿಡುಗಡೆ ಕೊಡುವ ಅಧಿಕಾರ, 2023ರ ಮೇ 1ರ ತೀರ್ಪಿನಂತೆ, ಸುಪ್ರೀಂ ಕೋರ್ಟಿಗಿದೆ, ಉತ್ತಮಪಾಳ್ಯದ ನ್ಯಾಯಾಧೀಶರಿಗಿಲ್ಲ.

ಈಗ ಜಮೀನು. ನಮ್ಮ ಪೋಷಕರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯೆಂದರೆ ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಬರುತ್ತದೆ ಎಂಬುದು. ದೂರದರ್ಶನದ ಧಾರಾವಾಹಿಗಳ ಉಪಕಾರವಿದು. ನಮ್ಮ ದೇಶದಲ್ಲಿ ವಿಚ್ಛೇದನದ ತೀರ್ಪು ಜಮೀನನ್ನು ಹಂಚುವುದಿಲ್ಲ. ಹೆಂಡತಿಗೆ ಸಿಗುವುದು ಜೀವನಾಂಶ, ತನ್ನ ಸ್ತ್ರೀಧನ, ವಾಸದ ರಕ್ಷಣೆ. 27ನೇ ಕಲಮು ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಕೂಡಿ ಬಂದ ಉಡುಗೊರೆಗಳಿಗಷ್ಟೇ ಸೀಮಿತ. 25ನೇ ಕಲಮಿನಂತೆ ಶಾಶ್ವತ ಜೀವನಾಂಶವನ್ನು ಗಂಡನ ಜಮೀನಿನ ಮೇಲೆ ಹೊರೆಯಾಗಿ ಕೂರಿಸಬಹುದು. ಹಾಗೆ ಕೂರಿಸಿದರೆ ಅವನು ತೋಟ ಮಾರಿ ಕೈ ತೊಳೆದುಕೊಳ್ಳುವುದು ಸುಲಭವಲ್ಲ. ಇದನ್ನು ಕೇಳುವವರು ಕಡಿಮೆ, ಕೇಳಿದರೆ ಉಂಟು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ಹೆಂಡತಿಗೆ ಕೂಡಿ ಬಾಳಿದ ಮನೆಯಲ್ಲಿ ವಾಸದ ಹಕ್ಕಿದೆ. ಆ ಮನೆ ಮಾವನ ಹೆಸರಿನಲ್ಲಿದ್ದರೂ ಈ ಹಕ್ಕನ್ನು ಕೇಳಬಹುದೆಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಮದ್ರಾಸ್ ಹೈಕೋರ್ಟು 2023ರ ಜೂನ್‌ನಲ್ಲಿ ಕಣ್ಣಯ್ಯನ್ ನಾಯ್ಡು ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಗಂಡ ವಿದೇಶದಲ್ಲಿ ದುಡಿದು ಕೊಂಡ ಆಸ್ತಿಯಲ್ಲಿ ಮನೆ ನಡೆಸಿ ಮಕ್ಕಳನ್ನು ಸಾಕಿದ ಹೆಂಡತಿಯ ದುಡಿಮೆಯೂ ಬಂಡವಾಳವೇ ಎಂದು ಸಮಪಾಲು ನೀಡಿತು. ಸ್ವಾಗತಾರ್ಹ ತೀರ್ಪು. ಆದರೆ ಇದು ಒಬ್ಬ ನ್ಯಾಯಮೂರ್ತಿಯ ಪೀಠ ಒಂದು ಪ್ರಕರಣದ ಸಂಗತಿಗಳ ಮೇಲೆ ಹೇಳಿದ ಮಾತು, ಶಾಸನವಲ್ಲ. ಭತ್ತದ ಗದ್ದೆಯಲ್ಲಿ ನಾಟಿ ಹಾಕಿದ, ದ್ರಾಕ್ಷಿ ಚಪ್ಪರದಡಿ ಕತ್ತರಿ ಹಿಡಿದ ಹೆಂಗಸಿನ ಪಾಲಿಗೂ ಇದನ್ನು ವಾದವಾಗಿ ಮುಂದಿಡಬಹುದು, ಹಕ್ಕೆಂದು ನಂಬಿ ಕೂರುವಂತಿಲ್ಲ.

ಹಾಗಾದರೆ ಅವಳಿಗೆ ಭೂಮಿ ಎಲ್ಲಿದೆ? ತವರಿನಲ್ಲಿ. ನಮ್ಮ ಹಿರಿಯರ ಸಭೆಗಳು ಎತ್ತಲೊಲ್ಲದ ವಿಷಯವಿದು. ಸಭೆಯಲ್ಲಿ ಅವಳ ಪರವಾಗಿ ಕೂರುವವರು ಅಣ್ಣತಮ್ಮಂದಿರೇ ಆದ್ದರಿಂದ ಎತ್ತುವುದು ಯಾರು? ತಮಿಳುನಾಡು ತನ್ನ ತಿದ್ದುಪಡಿಯ ಮೂಲಕ 1989ರ ಮಾರ್ಚ್ 25ರಿಂದಲೇ ಹೆಣ್ಣುಮಕ್ಕಳನ್ನು ಸಹದಾಯಾದಿಗಳನ್ನಾಗಿ ಮಾಡಿತ್ತು, ಆದರೆ ಅಂದಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಕರ್ನಾಟಕವೂ 1994ರಲ್ಲಿ ಇದೇ ದಾರಿ ಹಿಡಿಯಿತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆ ದಿನ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲವೆಂದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ಪಾಲು ಮಾತ್ರ ಹಾಗೆಯೇ ಉಳಿಯುತ್ತದೆ. ಬಾಯಿಮಾತಿನಲ್ಲಿ ಪಾಲಾಗಿತ್ತು ಎಂಬ ವಾದವನ್ನು ಕೋರ್ಟು ಸುಲಭವಾಗಿ ಒಪ್ಪದು. ಕಾಸರಗೋಡಿನ ಓದುಗರಿಗೆ ಪ್ರತ್ಯೇಕವಾಗಿ ಹೇಳಬೇಕು: 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಅವಿಭಕ್ತ ಕುಟುಂಬವೇ ರದ್ದಾಗಿದೆ ಎಂಬ ಕಾರಣಕ್ಕೆ ಅಲ್ಲಿನ ಹೆಣ್ಣುಮಕ್ಕಳಿಗೆ 2005ರ ಲಾಭ ದೊರೆಯುತ್ತಿರಲಿಲ್ಲ; 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಕೇಂದ್ರದ ತಿದ್ದುಪಡಿಯೇ ಮೇಲು ಎಂದಿದೆ.

ಸೋದರ ಸಂಬಂಧದ ಮನೆಗಳಲ್ಲಿ ಈ ಲೆಕ್ಕ ಮತ್ತೊಂದು ಸುತ್ತು ಹಾಕುತ್ತದೆ. ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸೊಸೆಯ ತಂದೆ ಮತ್ತು ಅವಳ ಅತ್ತೆ ಅಣ್ಣತಂಗಿ. ಮದುವೆ ಮುರಿದ ಸಿಟ್ಟಿನಲ್ಲಿ ಅತ್ತೆ ತನ್ನ ಅಣ್ಣನ ಮೇಲೆ ಪಾಲಿನ ದಾವೆ ಹೂಡುತ್ತಾಳೆ. ಅವಳೂ ಆ ಮನೆಯ ಮಗಳೇ ತಾನೆ, ಹಕ್ಕಿದೆ. ಸೊಸೆ ತಂದೆಯ ಪಾಲಿನಲ್ಲಿ ತನ್ನದನ್ನು ಕೇಳುತ್ತಾಳೆ. ಅತ್ತೆಸೊಸೆಯರಿಬ್ಬರೂ ಒಂದೇ ಗದ್ದೆಯ ಹಕ್ಕುದಾರರಾಗಿ ಕೋರ್ಟಿನಲ್ಲಿ ನಿಲ್ಲುತ್ತಾರೆ. ವಿಚ್ಛೇದನದ ಅರ್ಜಿ ಮುಗಿದರೂ ಪಾಲಿನ ದಾವೆ ಪ್ರಾಥಮಿಕ ಡಿಕ್ರಿ, ಕಮಿಷನರರ ಅಳತೆ, ಅಂತಿಮ ಡಿಕ್ರಿ ಎಂದು ಇನ್ನೊಂದು ತಲೆಮಾರಿಗೆ ದಾಟಬಹುದು. ಇಡುಕ್ಕಿಯ ತೋಟವೂ ಅದೇ ಕುಟುಂಬದ ಆಸ್ತಿಯಾಗಿದ್ದರೆ ಪ್ರತ್ಯೇಕ ದಾವೆ ಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಕಲಮಿನಂತೆ ಆಸ್ತಿಯ ಒಂದು ಭಾಗವಿರುವ ಕಡೆಯ ಕೋರ್ಟಿನಲ್ಲಿ ಎಲ್ಲವನ್ನೂ ಸೇರಿಸಬಹುದು. ಬಿಟ್ಟುಹೋದ ಸರ್ವೆ ನಂಬರು ಆಮೇಲೆ ತಲೆನೋವಾಗುತ್ತದೆ.

ಆದ್ದರಿಂದ ಸಹಿ ಮಾಡುವ ಮುನ್ನ ನೋಡಬೇಕಾದ ಕಾಗದ ಎರಡು ಬಗೆಯದು. ಹಿರಿಯರ ಮುಂದೆ ಬರೆದ, ನೋಂದಣಿಯಾಗದ ಪತ್ರದಿಂದ ಜಮೀನಿನ ಹಕ್ಕು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾಕಿಸಿಕೊಳ್ಳುವ ಹಕ್ಕು ಬಿಡುಗಡೆ ಪತ್ರ, ತಮಿಳಿನ ‘ವಿಡುದಲೈ ಪತ್ತಿರಂ’, ಬೇರೆಯ ಮಾತು. ಮದುವೆಯ ಖರ್ಚು ನಾವೇ ಹಾಕಿದ್ದೇವಲ್ಲ ಎಂದು ಅಣ್ಣಂದಿರು ತಂಗಿಯಿಂದ ಹಾಕಿಸಿಕೊಂಡ ಇಂಥ ಪತ್ರವೇ, ಅವಳು ಬಿಡುಗಡೆಯಾಗಿ ತವರಿಗೆ ಮರಳಿದಾಗ, ಅವಳನ್ನು ಬರಿಗೈಯಲ್ಲಿ ನಿಲ್ಲಿಸುತ್ತದೆ. ಅದನ್ನು ರದ್ದುಪಡಿಸಲು ಮೋಸವನ್ನೋ ಒತ್ತಾಯವನ್ನೋ ರುಜುವಾತುಪಡಿಸಬೇಕು, ಅದೂ ಕಾಲಮಿತಿಯೊಳಗೆ. ಪಟ್ಟಾ ಯಾರ ಹೆಸರಿನಲ್ಲಿದೆ ಎಂಬುದೊಂದೇ ಹಕ್ಕನ್ನು ತೀರ್ಮಾನಿಸುವುದಿಲ್ಲ. ನಮ್ಮ ಪಹಣಿಯಂತೆಯೇ ಅದು ಕಂದಾಯದ ದಾಖಲೆ.

ಮಕ್ಕಳ ಹಕ್ಕು ತಾಯಿತಂದೆಯರ ಸಹಿಯಿಂದ ಕರಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದ ಬಂದ ಪಾಲು ವಿಚ್ಛೇದನದ ಮರುದಿನವೂ ಹಾಗೆಯೇ ಇರುತ್ತದೆ. ಮಗುವಿನ ಪರವಾಗಿ ತಾಯಿ ದಾವೆ ಹೂಡಬಹುದು. ನಮಗೆ ಬೇಡವೆಂದು ತಾಯಿ ಬರೆದುಕೊಟ್ಟರೂ ಮಗುವಿನ ಜೀವನಾಂಶ ಬಿಟ್ಟಂತಲ್ಲ. ಜೀವನಾಂಶದ ಹಳೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕವಾಗಬೇಕು, ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಕೊಡಬೇಕು ಎಂದು 2020ರ ನವೆಂಬರಿನ ರಜನೇಶ್ ಮತ್ತು ನೇಹಾ ತೀರ್ಪು ವಿಧಿಸಿದೆ. ಏಲಕ್ಕಿಯ ಆದಾಯಕ್ಕೆ ರಸೀದಿ ಸಿಗುವುದು ಕಷ್ಟ. ಸೊಸೈಟಿಯ ಸಾಲ, ವಾಹನದ ಕಂತು, ಹರಾಜು ಕೇಂದ್ರದ ಚೀಟಿ ಇವೇ ಆಗ ಮಾತನಾಡುತ್ತವೆ. ಬಾಕಿ ಉಳಿದರೆ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಈ ಗಡುವನ್ನು ಬಹಳ ಮಂದಿ ಕಳೆದುಕೊಳ್ಳುತ್ತಾರೆ.

ಮಗು ಯಾರ ಬಳಿ ಬೆಳೆಯಬೇಕು ಎಂಬಲ್ಲಿ ನಾವು ಶಿಕ್ಷಕರು ಸ್ವಲ್ಪ ನಿಧಾನಿಸುತ್ತೇವೆ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯಿದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ. ಆನಂತರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. ಗಂಡು ಮಗು ತಂದೆಗೆ, ಹೆಣ್ಣು ಮಗು ತಾಯಿಗೆ ಎಂದು ಹಿರಿಯರು ಹಂಚುವ ಪದ್ಧತಿಗೆ ಕಾನೂನಿನಲ್ಲಿ ಯಾವ ಆಧಾರವೂ ಇಲ್ಲ. ವಿವಾಹ ಕಾಯಿದೆಯ 26ನೇ ಕಲಮು ಮಗುವಿನ ಪಾಲನೆ, ಪೋಷಣೆಯ ಜೊತೆಗೆ ಶಿಕ್ಷಣವನ್ನೂ ಹೆಸರಿಸಿ, ಸಾಧ್ಯವಾದ ಕಡೆ ಮಗುವಿನ ಇಚ್ಛೆಗೆ ಅನುಸಾರವಾಗಿ ಆದೇಶ ಮಾಡಬೇಕೆನ್ನುತ್ತದೆ. ತಿಳಿವಳಿಕೆ ಬಂದ ಮಗುವನ್ನು ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆದು ಮಾತನಾಡಿಸುವುದು ಈ ಕಾರಣಕ್ಕೆ. ತಾಳವಾಡಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ ಓದಿದ ಮಗು ಅಲ್ಲಿ ಹರುಕುಮುರುಕು ತಮಿಳಿನಲ್ಲಿ ‘ಸರಿ’ ಎಂದದ್ದು ಒಪ್ಪಿಗೆಯೋ ಭಯವೋ ಎಂದು ತಿಳಿಯಬೇಕಾದರೆ ಅದರ ಭಾಷೆಯಲ್ಲಿ ಕೇಳಬೇಕು. ಮಗುವಿಗೆ ಕನ್ನಡವೇ ಸಲೀಸು ಎಂದು ಶಾಲೆಯ ಪ್ರಗತಿ ಪತ್ರದೊಂದಿಗೆ ಮೊದಲೇ ಅರ್ಜಿ ಸಲ್ಲಿಸುವುದು ವಕೀಲರ ಕೆಲಸ. ಮಾಧ್ಯಮ ಬದಲಾವಣೆಯೂ ಹಿತದ ಪ್ರಶ್ನೆಯೇ. ಕನ್ನಡದಲ್ಲಿ ಓದುತ್ತಿದ್ದ ಮಗುವನ್ನು ಎಂಟನೇ ತರಗತಿಯ ನಡುವೆ ತಮಿಳು ಶಾಲೆಗೆ ಎಳೆದುಕೊಂಡು ಹೋದರೆ ಅದರ ಎರಡು ವರ್ಷ ಹಾಳಾಗುತ್ತದೆ ಎಂಬುದನ್ನು ಕೋರ್ಟಿಗೆ ಯಾರೂ ಹೇಳದಿದ್ದರೆ ಕೋರ್ಟಿಗೆ ತಾನಾಗಿ ತಿಳಿಯದು.

ಶಾಲೆಗಳೂ ಈ ಜಗಳದಲ್ಲಿ ಆಯುಧವಾಗುವುದುಂಟು. ವರ್ಗಾವಣೆ ಪತ್ರ ಕೊಡಬೇಡಿ ಎಂದು ಒಂದು ಕಡೆಯವರು ಮುಖ್ಯೋಪಾಧ್ಯಾಯರ ಮೇಲೆ ಒತ್ತಡ ತರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೇ ಕಲಮಿನಂತೆ ಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಹಿಂದಕ್ಕೆ ಕಳಿಸುವಂತಿಲ್ಲ. ಕೋರ್ಟಿನ ಆದೇಶ ಕೈಯಲ್ಲಿದ್ದರೆ ಅದರಂತೆ ನಡೆಯಬೇಕು. ಶಿಕ್ಷಕರು ಯಾರ ಪಕ್ಷವನ್ನೂ ವಹಿಸದೆ ಹಾಜರಿ ಪುಸ್ತಕ, ಪ್ರಗತಿ ಪತ್ರ, ಪೋಷಕರ ಸಭೆಗೆ ಬಂದವರ ಸಹಿ ಇವನ್ನು ಸರಿಯಾಗಿಟ್ಟರೆ ಸಾಕು. ಪಾಲನೆಯ ಪ್ರಕರಣಗಳಲ್ಲಿ ನೆಂಟರ ಸಾಕ್ಷಿಗಿಂತ ಇವು ಹೆಚ್ಚು ತೂಗುತ್ತವೆ.

ಕೊನೆಯದಾಗಿ ಕೋರ್ಟಿನ ಭಾಷೆ. ಕಣಿವೆಯಲ್ಲಿ ಹುಟ್ಟಿ ಬೆಳೆದವರಿಗೆ ತಮಿಳು ಓದಲು ಬರೆಯಲು ಬರುತ್ತದೆ; ತೊಂದರೆ ಹೊರಗಿನಿಂದ ಬಂದ ಸೊಸೆಯಂದಿರಿಗೆ. ಈಗ ಸಿವಿಲ್ ಪ್ರಕರಣಗಳಲ್ಲಿ ಮುಖ್ಯ ಸಾಕ್ಷ್ಯ ಪ್ರಮಾಣಪತ್ರದ ರೂಪದಲ್ಲಿ ಹೋಗುತ್ತದೆ. ತಾನು ಓದಲಾಗದ ತಮಿಳು ಹಾಳೆಗಳಿಗೆ ಹೆಂಗಸು ಸಹಿ ಹಾಕುತ್ತಾಳೆ, ಪಾಟೀಸವಾಲಿನ ದಿನ ಅದರಲ್ಲಿರುವುದು ತನ್ನ ಮಾತಲ್ಲವೆಂದು ಅವಳಿಗೆ ಅರಿವಾಗುತ್ತದೆ. ಸಹಿ ಹಾಕುವ ಮುನ್ನ ಕನ್ನಡದಲ್ಲಿ ಓದಿ ಹೇಳಿಸಿಕೊಂಡು, ಹಾಗೆ ಓದಿ ಹೇಳಲಾಯಿತೆಂದು ಹಾಳೆಯ ಕೆಳಗೆ ಬರೆಸಬೇಕು. ಸಾಕ್ಷಿ ಹೇಳಿದ ಭಾಷೆಯೂ ಬರೆದುಕೊಂಡ ಭಾಷೆಯೂ ಬೇರೆಯಾಗಿ, ಬರೆದದ್ದು ಸಾಕ್ಷಿಗೆ ಅರ್ಥವಾಗದಿದ್ದರೆ ಅದನ್ನು ಅವರ ಭಾಷೆಯಲ್ಲಿ ವಿವರಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 6ನೇ ನಿಯಮ ಹೇಳುತ್ತದೆ; ಕೇಳಿದರೆ ಮಾತ್ರ ಇದು ನಡೆಯುತ್ತದೆ. ಕರ್ನಾಟಕದ ಪಹಣಿ, ಮದುವೆ ನೋಂದಣಿ, ಶಾಲಾ ದಾಖಲೆಗಳಿಗೆ ಪ್ರಮಾಣೀಕೃತ ಅನುವಾದ ಬೇಕಾಗುತ್ತದೆ. ಮೊದಲ ವಾಯಿದೆಗೇ ಸಿದ್ಧಮಾಡಿಟ್ಟುಕೊಳ್ಳುವುದು ಒಳಿತು. ಖರ್ಚಿನ ಭಯದಿಂದ ಹಿಂಜರಿಯುವ ತಾಯಂದಿರಿಗೆ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಂತೆ ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ದೂರವಾಣಿ ಸಂಖ್ಯೆ 15100. ನೆರವಿನ ಅರ್ಜಿಯಲ್ಲಿ ಕನ್ನಡ ಬಲ್ಲ ವಕೀಲರು ಬೇಕೆಂಬ ಸಾಲನ್ನೂ ಮೊದಲ ದಿನವೇ ಸೇರಿಸಿ ಬರೆಯಿರಿ.